ಇರಲೇ ಇಲ್ಲದ ಬಾವಿ

ಗುರುಸಿದ್ದಮ್ಮನವರಿಗೆ ಈ ತಾಲ್ಲೂಕಿನಲ್ಲಿ ಯಾರೂ ಶಾಲು ಹೊದಿಸಿಲ್ಲ. ಹೊದಿಸದೆ ಇದ್ದದ್ದೇ ವಾಸಿ. ಸೆಪ್ಟೆಂಬರಿನಲ್ಲಿ ತಿ. ನರಸೀಪುರದಲ್ಲಿ ನಡೆಯುವ ಶಿಕ್ಷಕರ ದಿನಾಚರಣೆಗೆ ಒಮ್ಮೆ ಹೋಗಿ ನೋಡಿ. ಚೀಟಿ ನಡೆಸುವವರು, ಸೈಟು ಮಾರಿಸುವವರು, ಸ್ಕೂಲಿನ ಬಾಗಿಲನ್ನು ಸಂಬಳದ ವಾರ ಮಾತ್ರ ನೋಡುವವರು ಸಾಲಾಗಿ ನಿಂತು ಹೆಗಲು ಬಗ್ಗಿಸಿ ಶಾಲು ಹಾಕಿಸಿಕೊಳ್ಳುತ್ತಾರೆ. ಆ ಸಾಲಿನಲ್ಲಿ ಈ ಹೆಂಗಸನ್ನೂ ನೋಡಬೇಕಾಗಿ ಬಂದಿದ್ದರೆ ನನಗೆ ಇನ್ನಷ್ಟು ಹೇಸಿಗೆಯಾಗುತ್ತಿತ್ತು.

ಅವರು ತಾಂಡವಪುರದ ಕಡೆಯವರು. ಅಪ್ಪನಿಗೆ ಸ್ವಲ್ಪ ಹೊಲ, ಎರಡು ಎಮ್ಮೆ. ಟಿಸಿಎಚ್ ಮುಗಿಸಿ ಮೇಡಂ ಆದರು. ಗಂಡನಿಗೆ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ. ಆಯಮ್ಮ ಆಳು ಕುಳ್ಳು, ಗಂಟಲು ದೊಡ್ಡದು. ಮಕ್ಕಳನ್ನು ಅವರು ಮುದ್ದು ಮಾಡಿದ್ದನ್ನು ನಾನು ನೋಡಿಲ್ಲ. ಮೂಗಿನಲ್ಲಿ ಸಿಂಬಳ ಇಳಿಸಿಕೊಂಡು ಬಂದ ಮಗುವನ್ನು ಕಿವಿ ಹಿಡಿದು ನಲ್ಲಿಯ ಹತ್ತಿರ ನಿಲ್ಲಿಸಿ ತಾವೇ ತೊಳೆಯುತ್ತಿದ್ದರು. ಅದು ಊರಿನ ಮೂಗೋ ಕೇರಿಯ ಮೂಗೋ ಎಂದು ನೋಡುತ್ತಿರಲಿಲ್ಲ. ಸಮಾನತೆಯ ಬಗ್ಗೆ ಭಾಷಣ ಮಾಡಿದವರಲ್ಲ. ಭಾಷಣ ಮಾಡಿದವರು ನಾವು. ನಮ್ಮ ಗತಿ ಏನಾಯಿತೆಂದು ಮುಂದೆ ಹೇಳುತ್ತೇನೆ.

ತೊಂಬತ್ತಾರರಲ್ಲಿ ಅವರಿಗೆ ಹೆಮ್ಮಿಗೆ ರಸ್ತೆಯಿಂದ ಒಳಕ್ಕಿರುವ ಒಂದು ಊರಿಗೆ ವರ್ಗವಾಯಿತು. ಆ ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಕೊಳೆ ಆ ಊರಿಗೆ ಮಾತ್ರ ಅಂಟುತ್ತದೆ, ಅಕ್ಕಪಕ್ಕದವರು ಸಂಭಾವಿತರಂತೆ ಓದಿ ಪುಟ ತಿರುಗಿಸುತ್ತಾರೆ. ನಮ್ಮ ಕಡೆ ಊರು ಎಂದರೆ ಮೇಲುಜಾತಿಯವರ ಬೀದಿಗಳು, ಕೇರಿ ಎಂದರೆ ನಾವು. ಗುರುಸಿದ್ದಮ್ಮ ಊರಿನವರ ಜಾತಿಯೇ. ಬಂದ ಮೊದಲ ದಿನವೇ ಊರಿನ ಯಜಮಾನ ದೊಡ್ಡಸಿದ್ದಯ್ಯ ಮನೆಯಿಂದ ಒಂದು ಚೊಂಬು ಮಜ್ಜಿಗೆ ಕಳಿಸಿ, "ನಮ್ಮವರೇ ಬಂದವ್ರೆ, ಇನ್ನು ಸ್ಕೂಲು ಸರಿಯಾಯ್ತದೆ" ಎಂದನಂತೆ. ಮಜ್ಜಿಗೆಯನ್ನು ಆಯಮ್ಮ ಕುಡಿದರು. ಅದಕ್ಕಿಂತ ಹೆಚ್ಚಿನದೇನನ್ನೂ ಒಪ್ಪಿಕೊಳ್ಳಲಿಲ್ಲ.

ಈಗ ಬಾವಿಯ ವಿಷಯ. ಅದು ಸ್ಕೂಲಿನ ಪಕ್ಕದ ಬಯಲಿನಲ್ಲಿತ್ತು. ಕಲ್ಲು ಕಟ್ಟಿದ ದೊಡ್ಡ ಬಾವಿ, ಸಿಹಿನೀರು. ಕೇರಿಯ ಹೆಂಗಸರು ಕಟ್ಟೆಯ ಕೆಳಗೆ ನಿಂತಿರಬೇಕು. ಊರಿನ ಹೆಂಗಸರಿಗೆ ಮನಸ್ಸು ಬಂದಾಗ ಮೇಲಿನಿಂದ ಬಿಂದಿಗೆಗೆ ಸುರಿಯುತ್ತಿದ್ದರು. ತೊಂಬತ್ತೊಂದರಲ್ಲಿ ನಾವು ದಲಿತ ಸಂಘದವರು ಕೇರಿಯವರ ಜೊತೆ ಹೋಗಿ ಕಟ್ಟೆ ಹತ್ತಿದೆವು. ಮೊದಲು ಹಗ್ಗ ಹಿಡಿದವಳು ಸಾಕಮ್ಮ, ಗದ್ದೆ ನಾಟಿಯ ಕೂಲಿಯವಳು. ತುಂಬಿದ ಬಿಂದಿಗೆ ಮೇಲೆ ಬಂದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. "ಚಪ್ಪಾಳೆ ಆಮೇಕ್ ತಟ್ರಿ, ಯಾರಾರ ಒಬ್ರು ಬಿಂದ್ಗೆ ಇಡ್ಕಳ್ರಪ್ಪ" ಎಂದಳು. ಓಡಿ ಹೋಗಿ ಹಿಡಿದವನು ನಟರಾಜ್. ಆಗಿನ್ನೂ ಮೀಸೆ ಮೂಡುತ್ತಿದ್ದ ಹುಡುಗ, ನಮ್ಮ ಮೆರವಣಿಗೆಗಳಲ್ಲಿ ಅವನಷ್ಟು ಜೋರಾಗಿ ಕೂಗುವವರು ಇರಲಿಲ್ಲ.

ಅದೇ ವಾರ ದೊಡ್ಡಸಿದ್ದಯ್ಯನ ಮುದಿ ಎಮ್ಮೆ ಸತ್ತಿತು. ಸತ್ತ ದನ ಎಳೆಯುವ ಚಾಕರಿಯನ್ನು ಕೇರಿಯವರು ಅದಕ್ಕೆ ಮೊದಲೇ ಬಿಟ್ಟಿದ್ದರು. ಬಿಟ್ಟಾಗ ಊರಿನವರು, "ನಾವ್ ಮುಟ್ಟದಾ ಆ ಹೆಣನ?" ಎಂದು ಕುಣಿದಾಡಿದ್ದರು. ಆ ದಿನ ಮುಟ್ಟಿದರು. ದೊಡ್ಡಸಿದ್ದಯ್ಯ, ಅವನ ಅಣ್ಣತಮ್ಮಂದಿರು, ಬೆಳೆದ ಮಗ ಪ್ರಸಾದ್, ಎಲ್ಲರೂ ಸೇರಿ ಕಾಲಿಗೆ ಹಗ್ಗ ಬಿಗಿದು, ಊದಿಕೊಂಡ ಎಮ್ಮೆಯನ್ನು ತಮ್ಮ ಕೈಯಾರೆ ಬೀದಿಯುದ್ದ ಎಳೆದುಕೊಂಡು ಹೋಗಿ, ತಾತಂದಿರ ಕಾಲದಿಂದ ತಾವೇ ಕುಡಿಯುತ್ತಿದ್ದ ನೀರಿಗೆ ತಳ್ಳಿದರು. ಆಮೇಲೆ ಟ್ರ್ಯಾಕ್ಟರಿನಲ್ಲಿ ಮಣ್ಣು ಹೊಡೆದರು. ಕಟ್ಟೆಯ ಕಲ್ಲು ಅವರವರ ಹಿತ್ತಲು ಸೇರಿತು. ನಾನು ಲಾಠಿ ಏಟು ತಿಂದವನು, ಠಾಣೆಯ ನೆಲದ ಮೇಲೆ ಮಲಗಿದವನು. ಅಷ್ಟು ಹೊಲಸನ್ನು ಬೇರೆಲ್ಲೂ ಕಂಡಿಲ್ಲ. ನೀರು ಹಂಚಿಕೊಳ್ಳುವುದಕ್ಕಿಂತ ಹೆಣ ಎಳೆಯುವುದು ಆ ಜನಕ್ಕೆ ಹಗುರವಾಯಿತು.

ನಾವು ಕೇಸು ಹಾಕಿದೆವು. ವಿಚಾರಣೆಗೆ ಅಧಿಕಾರಿ ಬಂದರು. ಬಾವಿ ಮುಚ್ಚಿದ್ದನ್ನು ಒಪ್ಪಿಕೊಂಡರೆ ಜೈಲು. ಅದಕ್ಕೆ ಊರಿನವರು ಒಂದು ಬುದ್ಧಿ ಮಾಡಿದರು. ಬಾವಿ ಮುಚ್ಚಿಲ್ಲ ಎನ್ನಲಿಲ್ಲ, ಬಾವಿಯೇ ಇರಲಿಲ್ಲ ಎಂದರು. ಒಬ್ಬೊಬ್ಬರಾಗಿ ಬಂದು, ದೇವರ ಮೇಲೆ ಆಣೆ ಇಟ್ಟು, "ಅಲ್ಲಿ ಯಾವತ್ತೂ ಬಾವಿ ಇರ್ನಿಲ್ಲ ಸಾ" ಎಂದರು. ಸರ್ವೆ ಕಾಗದದಲ್ಲಿ ಆ ಜಾಗ ಬರೀ ಖರಾಬು, ಪಾಳು ನೆಲ, ಬಾವಿಯ ಗುರುತಿಲ್ಲ. ಕೇಸು ಬಿದ್ದುಹೋಯಿತು. ಕೇರಿಗೆ ಒಂದು ಕೈಪಂಪು ಬಂತು. ಬಂದದ್ದೇ ತಡ, ನಮ್ಮವರೂ ಪಂಪು ಹೊಡೆಯುತ್ತ ಸುಮ್ಮನಾದರು.

ಹತ್ತು ವರ್ಷ ಕಳೆಯಿತು. ಎರಡು ಸಾವಿರದ ಒಂದರ ಮಳೆಗಾಲದಲ್ಲಿ ಗುರುಸಿದ್ದಮ್ಮ ನಾಲ್ಕನೇ ತರಗತಿಗೆ 'ನಮ್ಮ ಊರು' ಎಂಬ ಪಾಠ ಮಾಡುತ್ತಿದ್ದರು. ಬೇರೆ ಮೇಷ್ಟ್ರುಗಳು ಈ ಪಾಠ ಬಂದರೆ ತಲಕಾಡಿನ ಗಂಗರ ಕಥೆ ಹೇಳಿ ಮುಗಿಸುತ್ತಾರೆ. ಸಾವಿರ ವರ್ಷದ ಹಿಂದಿನದು, ಯಾರಿಗೂ ನೋವಿಲ್ಲ. ಆಯಮ್ಮ ಹಾಗೆ ಮಾಡಲಿಲ್ಲ. ನಿಮ್ಮ ಮನೆಗೆ ನಲ್ಲಿ ಬರುವ ಮೊದಲು ನೀರು ಎಲ್ಲಿಂದ ಬರುತ್ತಿತ್ತು, ಅಜ್ಜಿ ತಾತನನ್ನು ಕೇಳಿಕೊಂಡು ಬನ್ನಿ ಎಂದರು. ಅವರ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಬಾವಿಯ ಸುದ್ದಿ ಅವರ ಕಿವಿಗೆ ಅಲ್ಪಸ್ವಲ್ಪ ಬಿದ್ದಿತ್ತು, ಜಾಗ ಗೊತ್ತಿರಲಿಲ್ಲ. ಮಾರನೆಯ ದಿನ ನಡೆದದ್ದನ್ನು ನನಗೆ ಅವರೇ ಹೇಳಿದರು.

ಊರಿನ ಹುಡುಗ ಒಬ್ಬ ಎದ್ದು, "ಒಳೆಯಿಂದ ತತ್ತಿದ್ರಂತೆ ಮಿಸ್" ಎಂದ. ಇನ್ನೊಬ್ಬ, ಕಾಲುವೆಯಿಂದ ಎಂದ. ಮತ್ತೊಬ್ಬಳು, "ಕೇಳ್ಬೇಡ, ಓದ್ಕೊ ಓಗು ಅಂದ್ರು ಮಿಸ್" ಎಂದಳು. ಆಮೇಲೆ ಸಾಕಮ್ಮನ ಮೊಮ್ಮಗಳು ಕವನ ಎದ್ದಳು.

"ಸ್ಕೂಲ್ ಪಕ್ಕ ಬಾವಿ ಇತ್ತಂತೆ ಮಿಸ್. ನಮ್ಮಜ್ಜಿ ಅಗ್ಗ ಇಡುದ್ಲಂತೆ. ಅದ್ಕೇ ಊರ್‍ನೋರು ಸತ್ತ್ ಎಮ್ಮೆ ಆಕ್ಬುಟ್ಟು ಮುಚ್ಬುಟ್ರಂತೆ."

"ಸುಳ್ಳು" ಎಂದು ಊರಿನ ಮಕ್ಕಳು ಕೂಗಿಕೊಂಡರು. "ಬಾವಿ ಇರ್ನೇ ಇಲ್ಲ ಮಿಸ್, ನಮ್ತಾತ ಆಣೆ ಮಾಡವ್ರೆ." ಪಾಪ, ಹುಟ್ಟುವ ಮೊದಲಿನ ಆಣೆಯನ್ನೂ ಆ ಮಕ್ಕಳಿಗೆ ಹಾಲಿನ ಜೊತೆ ಕುಡಿಸಿದ್ದರು.

ಕೊನೆಗೆ ಪ್ರಸಾದನ ಮಗಳು ಮಧುಶ್ರೀ ಎದ್ದಳು. ದೊಡ್ಡಸಿದ್ದಯ್ಯನ ಮೊಮ್ಮಗಳು, ಅಜ್ಜಿ ಮುದ್ದಮ್ಮನ ಸೆರಗು ಹಿಡಿದೇ ಬೆಳೆದವಳು. "ನಮ್ಮಜ್ಜಿ ಏಳುದ್ರು ಮಿಸ್, ಈ ಬೋರ್ ನೀರಲ್ಲಿ ಬೇಳೆ ಬೇಯದೇ ಇಲ್ವಂತೆ. ಆ ನೀರಲ್ಲಾದ್ರೆ ಒಂದೇ ಉಕ್ಕಿಗೆ ಬೆಣ್ಣೆ ಆಗೋಯ್ತಿತ್ತಂತೆ."

"ಯಾವ ನೀರಲ್ಲಿ?"

"ಬಾವಿ ನೀರಲ್ಲಿ ಮಿಸ್."

ಇಡೀ ಊರು ಅಧಿಕಾರಿಯ ಮುಂದೆ ಹೇಳಿದ ಸುಳ್ಳು ಒಂದು ಸೇರು ತೊಗರಿಬೇಳೆಯಲ್ಲಿ ಬೆಂದುಹೋಯಿತು. ಗುರುಸಿದ್ದಮ್ಮ ಬೈಯಲಿಲ್ಲ, ಹೊಗಳಲಿಲ್ಲ. ಮಕ್ಕಳನ್ನೆಲ್ಲ ಬಯಲಿಗೆ ಕರೆದುಕೊಂಡು ಹೋದರು. ಸಾಕಮ್ಮನನ್ನು ಕರೆಸಿದರು. ಮಳೆನೀರು ಗುಂಡಗೆ ನಿಂತಿದ್ದ ಜಾಗದಲ್ಲಿ ಸಾಕಮ್ಮ ಸುತ್ತು ಬಂದು, "ಇಲ್ಲಿಂದ ಇಲ್ಲಿಗೆ" ಎಂದು ತೋರಿಸಿದಳು. ಮಕ್ಕಳೂ ಅವಳ ಹಿಂದೆ ಒಂದು ಸುತ್ತು ಹಾಕಿದರು. ಇಷ್ಟೇ ಪಾಠ.

ಮಾರನೆಯ ಬೆಳಿಗ್ಗೆ ಪ್ರಸಾದ್ ಬಂದ. ಅವನು ಆಗ ಶಾಲಾ ಸಮಿತಿಯ ಅಧ್ಯಕ್ಷ. ಚಪ್ಪಲಿ ಕಾಲಲ್ಲೇ ತರಗತಿಯೊಳಗೆ ನಿಂತ.

"ಏನ್ ಮೇಡಮ್ಮೋರೆ, ಪಾಠ ಏಳ್ಕೊಡಿ ಅಂತ ಕಳ್ಸುದ್ರೆ ಜಾತಿ ಏಳ್ಕೊಡ್ತಾ ಇದ್ದೀರಂತೆ?"

"ನೀರು ಎಲ್ಲಿಂದ ಬರ್ತಿತ್ತು ಅಂತ ಕೇಳ್ದೆ. ಅದರಲ್ಲಿ ಜಾತಿ ಎಲ್ಲಿಂದ ಬಂತು ಪ್ರಸಾದು?"

"ಬಾವಿ ಅಂದ್ರಂತೆ."

"ನಾನು ಅನ್ನಲಿಲ್ಲ. ನಿಮ್ಮ ಮಗಳು ಅಂದಳು. ನಿಮ್ಮ ತಾಯಿ ಹೇಳಿಕೊಟ್ಟರಂತೆ."

ಅವನ ಮುಖ ಕೆಂಪಾಯಿತು. "ನೀವ್ ನಮ್ಮೋರು ಅಂತ ಸುಮ್ಕಿವ್ನಿ. ಬ್ಯಾರೆಯೋರಾಗಿದ್ರೆ ಈ ಒತ್ಗೆ ಗಂಟು ಮೂಟೆ ಕಟ್ಟುಸ್ಬುಡ್ತಿದ್ದೆ."

"ಗಂಟು ಮೂಟೆ ಎಲ್ಲಿದೆ ನಂಗೆ, ಒಂದು ಊಟದ ಡಬ್ಬಿ. ಚಪ್ಪಲಿ ಆಚೆ ಬಿಟ್ಟು ಬನ್ನಿ, ಮಕ್ಕಳು ನೆಲದ ಮೇಲೆ ಕೂರ್ತಾರೆ."

ಇಲ್ಲಿಗೇ ನಿಂತಿದ್ದರೆ ಇದು ಬರೆಯುವಂಥ ಕಥೆಯಾಗುತ್ತಿರಲಿಲ್ಲ. ದಸರಾ ಮುಗಿಯುತ್ತಲೇ ಶಾಲೆಗೆ ಒಂದು ಹೊಸ ಕೊಠಡಿ ಮಂಜೂರಾಯಿತು. ಜಾಗ ಎಲ್ಲಿ? ಸ್ಕೂಲಿನ ಹಿಂದಿನ ಜಾಗವನ್ನು ದೊಡ್ಡಸಿದ್ದಯ್ಯನ ಹುಲ್ಲಿನ ಮೆದೆ, ತಿಪ್ಪೆ ನುಂಗಿದ್ದವು. ಉಳಿದದ್ದು ಪಕ್ಕದ ಬಯಲು. ಇಂಜಿನಿಯರು ಬಂದು ದಾರ ಕಟ್ಟಿ ಸುಣ್ಣದ ಗೆರೆ ಎಳೆಸಿದ. ಸಾಕಮ್ಮ ತೋರಿಸಿದ ಗುಂಡನೆಯ ಜಾಗ ಸರಿಯಾಗಿ ನಾಲ್ಕು ಗೆರೆಯ ನಡುವೆ ಬಿತ್ತು.

ಗುರುಸಿದ್ದಮ್ಮ ಇಂಜಿನಿಯರನ್ನು ಹಿಡಿದುಕೊಂಡರು. "ಸಾರ್, ಇದರ ಕೆಳಗೆ ಬಾವಿ ಇದೆ. ಮಣ್ಣು ತುಂಬಿದ್ದಾರೆ ಅಷ್ಟೆ. ಮಕ್ಕಳು ಕೂರೋ ಜಾಗ."

ಅವನು ಕೆಟ್ಟವನೇನಲ್ಲ, ಸೋಮಾರಿ. "ಕಾಗದದಲ್ಲಿ ಬಾವಿ ಇಲ್ಲವಲ್ಲ ಮೇಡಂ. ಊರಿನ ಹಿರಿಯರು ಯಾರಾದ್ರೂ ಒಬ್ರು ಹೌದು ಅಂದ್ರೆ ಸಾಕು, ಆ ತಿಪ್ಪೆ ತೆಗೆಸಿ ಹಿಂದಕ್ಕೆ ಸರಿಸ್ತೀನಿ."

"ಆ ಅಜ್ಜಿ ಹೇಳ್ತಾರೆ" ಎಂದು ಸಾಕಮ್ಮನನ್ನು ತೋರಿಸಿದರು.

ದೊಡ್ಡಸಿದ್ದಯ್ಯ ಅಲ್ಲೇ ಇದ್ದ. "ಅವ್ಳು ಅವತ್ತಿಂದ ಅದ್ನೇ ಏಳ್ತಾವ್ಳೆ ಸಾ. ಕೋರ್ಟೇ ನಂಬ್ನಿಲ್ಲ. ನಾನ್ ಉಟ್ಟುದಾಗಿಂದ ನೋಡ್ತಿವ್ನಿ, ಬಾವಿ ಇಲ್ಲ ಗೀವಿ ಇಲ್ಲ."

ಅವನು ಹಾಗಲ್ಲದೆ ಬೇರೆ ಹೇಗೆ ಹೇಳಿಯಾನು? ಬಾವಿ ಇತ್ತು ಎಂದರೆ ಆಣೆ ಸುಳ್ಳಾಗುತ್ತದೆ, ಎಮ್ಮೆ ಎದ್ದು ಬರುತ್ತದೆ, ತಿಪ್ಪೆಯೂ ಹೋಗುತ್ತದೆ. ಊರಿನಲ್ಲಿ ದೊಡ್ಡವರೆಲ್ಲರಿಗೂ ಬಾವಿ ಎಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಲು ಬರುತ್ತಿತ್ತು. ಒಬ್ಬನಿಗೂ ಬಾಯಿ ಬರಲಿಲ್ಲ. ತಾವು ಹೇಳಿದ ಸುಳ್ಳಿನ ಮೇಲೆ ತಮ್ಮ ಮಕ್ಕಳಿಗೇ ಸ್ಕೂಲು ಕಟ್ಟಿಸುವ ಜನ ಈ ನಾಡಿನಲ್ಲಿ ಇನ್ನೆಲ್ಲಾದರೂ ಇದ್ದರೆ ನನಗೆ ತಿಳಿಸಿ, ನೋಡಿಕೊಂಡು ಬರುತ್ತೇನೆ.

ಗುರುಸಿದ್ದಮ್ಮ ಮುದ್ದಮ್ಮನ ಹತ್ತಿರ ಹೋದರು. ದೊಡ್ಡಸಿದ್ದಯ್ಯ ಮನೆಯಲ್ಲಿಲ್ಲದ ಹೊತ್ತು ನೋಡಿ ಹೋಗಿ ಒಲೆಯ ಮುಂದೆ ಕೂತರು. "ಅವ್ವಾ, ಒಂದು ಮಾತು ಇಂಜಿನಿಯರ ಮುಂದೆ ಹೇಳಿ. ಬಾವಿ ಇತ್ತು ಅಂತ. ಎಮ್ಮೆ ವಿಷಯ ಬೇಡ."

ಮುದ್ದಮ್ಮ ಒಲೆಯ ಸೌದೆಯನ್ನು ಮುಂದಕ್ಕೆ ತಳ್ಳಿದಳಂತೆ. "ನನ್ ಗಂಡ ದೇವ್ರ್ ಮುಂದೆ ಕೈ ಎತ್ತವ್ನೆ ಕಣವ್ವ. ನನ್ ಬಾಯಲ್ಲಿ ಏಳುಸ್ಬ್ಯಾಡ." ಆಮೇಲೆ ಕೈ ಹಿಡಿದುಕೊಂಡಳು. "ಆದ್ರೆ ನನ್ನವ್ವ, ನಮ್ ಮಧುನ ಮಾತ್ರ ಆ ರೂಮಲ್ಲಿ ಕೂರುಸ್ಬ್ಯಾಡ. ನಿನ್ ಕಾಲ್ ಕಟ್ಕತೀನಿ."

ಇದನ್ನು ಹೇಳುವಾಗ ಗುರುಸಿದ್ದಮ್ಮ ನನ್ನ ಮುಂದೆಯೇ ಉಗಿದರು. ಎಮ್ಮೆಯ ಕಥೆ ಕೇಳಿದಾಗ ಉಗಿದಿರಲಿಲ್ಲ. ಮುಂದಿನ ತಿಂಗಳೇ ಮಧುಶ್ರೀಗೆ ನರಸೀಪುರದ ಕಾನ್ವೆಂಟಿನ ವ್ಯಾನು ಬಂತು. ಅವಳ ಹಿಂದೆ ಊರಿನ ಇನ್ನೂ ಕೆಲವು ಮಕ್ಕಳು ವ್ಯಾನು ಹತ್ತಿದರು. ಕಾನ್ವೆಂಟಿಗೆ ಕಳಿಸಲು ಕೈಲಾಗದ ಊರಿನ ಬಡವರ ಮಕ್ಕಳು, ಕೇರಿಯ ಮಕ್ಕಳು ಉಳಿದರು.

ಪಾಯ ತೆಗೆಯುವ ಕೆಲಸವನ್ನು ಕಂಟ್ರಾಕ್ಟರು ಕೇರಿಯವನಿಗೇ ಕೊಟ್ಟಿದ್ದ. ಯಾರಿಗೆಂದರೆ ನಟರಾಜನಿಗೆ. ಸಾಕಮ್ಮನ ಬಿಂದಿಗೆ ಹಿಡಿದ ಅದೇ ನಟರಾಜ್, ಆಗ ಪಂಚಾಯ್ತಿ ಮೆಂಬರು, ಬಿಳಿ ಅಂಗಿ, ಹೀರೋ ಹೋಂಡಾ. ನರಸೀಪುರ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಸಿಕ್ಕಿದ. ನನಗೂ ಕಾಫಿ ಹೇಳಿದ.

"ಅಣ್ಣ, ಪಾಯ ತೆಗಿಯೋವಾಗ ನಡುವೆ ಮಣ್ಣು ಕುಸೀತು, ತೋಡ್ಸುದ್ರೆ ಮೂಳೆ ಬಂತು ಕಣಣ್ಣ. ಕೊಂಬೂ ಬಂತು."

"ಏನ್ ಮಾಡ್ದೆ?"

"ಏನ್ ಮಾಡಾದು. ಮೇಲೆ ಕಾಂಕ್ರೀಟ್ ಆಕುಸ್ದೆ."

"ಕೊಂಬು ತಂದು ಇಂಜಿನಿಯರ ಮುಂದೆ ಇಟ್ಟಿದ್ರೆ ಕೆಲಸ ಅಲ್ಲಿಗೆ ನಿಲ್ತಿತ್ತಲ್ಲೋ."

"ಕೆಲ್ಸ ನಿಂತ್ರೆ ನಮ್ ಉಡುಗ್ರುಗೆ ಕೂಲಿ ಯಾರ್ ಕೊಟ್ಟಾರು? ನಾವೇ ಕಾಲ್ ಅಡ್ಡ ಕೊಟ್ರೆ ನಾಳಿಕ್ಕೆ ಕೇರಿಗೆ ಒಂದ್ ಕೆಲ್ಸಾನೂ ಬರಾಕಿಲ್ಲ. ನಿಮ್ಗೆ ಗೊತ್ತಾಗಲ್ಲ ಅಣ್ಣ, ನೀವು ಅದೇ ಅಳೇ ಕಾಲ್ದಲ್ಲಿ ಇದ್ದೀರ."

"ನಿನ್ ಮಗ ಎಲ್ಲಿ ಓದ್ತಾವ್ನೆ?"

ಅವನು ಕಪ್ಪು ತಿರುಗಿಸುತ್ತ, "ಮೈಸೂರಲ್ಲಿ ಆಸ್ಟ್ಲು" ಎಂದ.

ನಾನು ಕಾಫಿಯನ್ನು ಪೂರ್ತಿ ಕುಡಿದೇ ಎದ್ದೆ. ದುಡ್ಡು ಅವನೇ ಕೊಡಲಿ ಎಂದು ಇನ್ನೊಂದು ವಡೆಯನ್ನೂ ತಿಂದೆ. ಊರಿನವರ ಮೇಲೆ ಬರುವ ಅಸಹ್ಯ ಹೊರಗಿನದು. ಉಗಿದರೆ ಹೋಗುತ್ತದೆ. ಇದು ಹೊಟ್ಟೆಯೊಳಗಿನದು.

ಡಿಸೆಂಬರಿಗೆ ಕೊಠಡಿ ಎದ್ದಿತು. ಸುಣ್ಣ ಬಣ್ಣ, ಬಾಗಿಲ ಮೇಲೆ ಸಮಿತಿಯವರ ಹೆಸರು. ಗುರುಸಿದ್ದಮ್ಮ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಗ ಅವರೇ ಅಲ್ಲಿ ಮುಖ್ಯೋಪಾಧ್ಯಾಯಿನಿಯ ಚಾರ್ಜಿನಲ್ಲಿದ್ದರು. ಮಕ್ಕಳನ್ನು ಜಗಲಿಯ ಮೇಲೆ, ಬಿಸಿಲು ಬಂದರೆ ಹೊಂಗೆ ಮರದ ಕೆಳಗೆ ಕೂರಿಸಿ ಪಾಠ ಮಾಡಿದರು. ಹೊಸ ಕೊಠಡಿ ಇದ್ದೂ ಮಕ್ಕಳನ್ನು ಬಿಸಿಲಿಗೆ ಕೂರಿಸುತ್ತಾರೆ ಎಂದು ಪ್ರಸಾದ್ ದೂರು ಕೊಟ್ಟ. ಇಲಾಖೆಯಿಂದ ನೋಟೀಸು ಬಂತು. ಜನವರಿಯಲ್ಲಿ ಒಬ್ಬ ಅಧಿಕಾರಿಯೇ ಬಂದರು. ಕೇರಿಯ ಪೋಷಕರು ನನ್ನನ್ನೂ ಕರೆಸಿದ್ದರು. ನಾನು ಬಾಗಿಲ ಹೊರಗೆ ನಿಂತಿದ್ದೆ.

"ಬಾಗಿಲು ತೆಗೀರಿ ಮೇಡಂ" ಎಂದರು ಅಧಿಕಾರಿ.

"ತೆಗೀತೀನಿ ಸಾರ್. ಆದ್ರೆ ಮಕ್ಕಳನ್ನ ಕೂರ್ಸೋಕೆ ಮುಂಚೆ ಸಮಿತಿ ಮೀಟಿಂಗು ಇಲ್ಲೇ ಆಗ್ಲಿ. ಕಟ್ಟಿಸಿದವರು ಮೊದಲು ಕೂರ್ಲಿ."

ಅಧಿಕಾರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಜವಾನ ಒಂದು ಕುರ್ಚಿ ತಂದು ಕೊಠಡಿಯ ನಟ್ಟನಡುವೆ ಇಟ್ಟ, ಅಧಿಕಾರಿ ಅದರ ಮೇಲೆ ಕೂತರು. ಉಳಿದವರಿಗೆ ಗೋಡೆಯಿಂದ ಗೋಡೆಗೆ ಜಮಖಾನ ಹಾಸಿದರು. ಸಮಿತಿಯವರು ಒಳಗೆ ಬಂದರು. ದೊಡ್ಡಸಿದ್ದಯ್ಯ ಬಂದವನೇ ಗೋಡೆ ಹಿಡಿದು ಮೂಲೆಗೆ ಹೋದ. ಪ್ರಸಾದ್ ಕಿಟಕಿಯ ಕೆಳಗೆ. ಉಳಿದವರೂ ಒಬ್ಬರ ಹಿಂದೆ ಒಬ್ಬರು ಗೋಡೆಯ ಬದಿಯಲ್ಲೇ ನಡೆದು ಗೋಡೆಗೆ ಬೆನ್ನು ಕೊಟ್ಟು ಮೊಣಕಾಲು ಮಡಿಸಿಕೊಂಡರು. ಪಂಚಾಯ್ತಿ ಮೆಂಬರೆಂದು ಕೊನೆಯಲ್ಲಿ ಬಂದ ನಟರಾಜ್‌ಗೆ ಗೋಡೆಯ ಹತ್ತಿರ ಜಾಗ ಸಿಗಲಿಲ್ಲ. ಹೊಸ್ತಿಲ ಮೇಲೆ ಕೂತ. ನಡುವೆ ಗುಂಡಗೆ ಜಮಖಾನ ಖಾಲಿ ಬಿದ್ದಿತ್ತು. ಅದರ ಮಧ್ಯೆ ಅಧಿಕಾರಿಯ ಕುರ್ಚಿ ಒಂದೇ.

"ಯಾಕೆ ಎಲ್ಲಾ ಅಷ್ಟು ದೂರ ಕೂತಿದ್ದೀರಿ? ಹತ್ತಿರ ಬನ್ನಿ, ಮಾತು ಕೇಳಿಸಲ್ಲ."

ಯಾರೂ ಅಲುಗಲಿಲ್ಲ.

"ಬನ್ನಿ ಯಜಮಾನ್ರೆ."

"ಗ್ವಾಡೆಗೆ ಒರಗ್ಕಂಡ್ರೆ ಬೆನ್ನಿಗೆ ಒಸಿ ಸುಖ ಸಾ" ಎಂದ ದೊಡ್ಡಸಿದ್ದಯ್ಯ.

"ಅಧ್ಯಕ್ಷರೇ, ನೀವಾದ್ರೂ ಬನ್ನಿ."

"ಇಲ್ಲೇ ಗಾಳಿ ಚೆನ್ನಾಗದೆ ಸಾ."

ಗುರುಸಿದ್ದಮ್ಮ ಬಾಗಿಲಲ್ಲಿ ನಿಂತು, "ಯಾರೂ ಬಾಯಿ ಬಿಡೋದು ಬೇಡ" ಎಂದರು. "ಒಬ್ಬರು, ಯಾರಾದ್ರೂ ಒಬ್ಬರು ಎದ್ದು ಹೋಗಿ ಸಾಹೇಬರ ಪಕ್ಕ ಕೂತ್ಕೊಳ್ಳಿ. ಈಗಲೇ ಮಕ್ಕಳನ್ನ ಒಳಕ್ಕೆ ಬಿಡ್ತೀನಿ."

ಹುಲ್ಲಿನ ಮೆದೆಯ ಕಡೆಯಿಂದ ಕೋಳಿಯೊಂದು ಕೂಗುತ್ತಿತ್ತು. ಗಟ್ಟಿಮುಟ್ಟಾದ ಗಂಡಸರು ಗೋಡೆಗೆ ಹಲ್ಲಿಯ ಹಾಗೆ ಅಂಟಿಕೊಂಡು ತಮ್ಮ ತಮ್ಮ ಹೆಬ್ಬೆರಳು ನೋಡುತ್ತಿದ್ದರು. ಕಿಟಕಿಯ ಸರಳು ಹಿಡಿದು ನಿಂತಿದ್ದ ಮಕ್ಕಳಲ್ಲಿ ಕವನ ಕೇಳಿದಳು:

"ಮಿಸ್, ಬಾವಿ ಅಷ್ಟಗಲ ಇತ್ತಾ?"

ಸಾಕಮ್ಮ ಒಬ್ಬಳೇ ನಕ್ಕಳು. ಅಧಿಕಾರಿ ಮೊದಲು ಸುತ್ತಲಿನವರ ಮುಖ ನೋಡಿದರು, ಆಮೇಲೆ ತಮ್ಮ ಕಾಲಿನ ಕೆಳಗೆ ನೋಡಿದರು. ನಿಧಾನವಾಗಿ ಎದ್ದು, ತುದಿಗಾಲಿನಲ್ಲಿ ಗೋಡೆಯ ಕಡೆ ನಡೆದು ಬಂದರು. ಕುರ್ಚಿ ತರಲು ಜವಾನನಿಗೆ ಹೇಳಿದರೆ ಅವನೂ ಹೋಗಲಿಲ್ಲ.

ಇದರಿಂದ ನ್ಯಾಯ ಸಿಕ್ಕಿತೆಂದು ಯಾರೂ ತಿಳಿಯಬೇಡಿ. ಅಧಿಕಾರಿ 'ತಾಂತ್ರಿಕ ಕಾರಣ' ಎಂದು ಹೇಳಿ ಕೊಠಡಿಗೆ ಬೀಗ ಹಾಕಿಸಿದರು. ಬಾವಿ ಎಂಬ ಮಾತು ಅವರ ಬಾಯಲ್ಲೂ ಬರಲಿಲ್ಲ. ಯಾರ ಮೇಲೂ ಕೇಸಿಲ್ಲ. ನಟರಾಜನ ಬಿಲ್ಲು ಪಾಸಾಯಿತು. ತಿಪ್ಪೆ ಇದ್ದಲ್ಲೇ ಇತ್ತು. ಮೇಲಿನವರ ಮಾತು ಕೇಳಲಿಲ್ಲವೆಂದು ಮೇ ತಿಂಗಳಲ್ಲಿ ಗುರುಸಿದ್ದಮ್ಮನವರಿಗೆ ತಾಲ್ಲೂಕಿನ ಇನ್ನೊಂದು ತುದಿಗೆ ವರ್ಗವಾಯಿತು. ಈಗ ಎರಡು ಬಸ್ಸು ಬದಲಾಯಿಸಿ ಹೋಗುತ್ತಾರೆ. ಆದರೆ ಒಂದು ಮಗುವೂ ಆ ನೆಲದ ಮೇಲೆ ಕೂರಲಿಲ್ಲ. ಅವರು ಕೇಳಿದ್ದು ಅಷ್ಟನ್ನೇ.

ಜೂನ್‌ನಲ್ಲಿ ಅವರ ಜಾಗಕ್ಕೆ ಹೊಸ ಮೇಷ್ಟ್ರು ಬಂದರು. ನಂಜನಗೂಡಿನ ಹುಡುಗ, ಮೊದಲ ಕೆಲಸ. ಚಾರ್ಜು ಒಪ್ಪಿಸುವಾಗ ಗುರುಸಿದ್ದಮ್ಮ ಕೀಲಿ ಗೊಂಚಲು ಅವನ ಕೈಗಿಟ್ಟರು. ಅವನು ಹೊಸ ಕೊಠಡಿಯ ಕಡೆ ನೋಡಿ, "ಇಷ್ಟು ಚೆನ್ನಾಗಿರೋ ರೂಮಿಗೆ ಯಾಕೆ ಮೇಡಂ ಬೀಗ?" ಎಂದು ಕೇಳಿದ.

"ದೊಡ್ಡವರನ್ನ ಕೇಳಬೇಡಿ, ಗೊತ್ತಿಲ್ಲ ಅಂತಾರೆ" ಎಂದರು ಅವರು, ಡಬ್ಬಿಯನ್ನು ಚೀಲಕ್ಕೆ ತುರುಕುತ್ತ. "ಐದನೇ ಕ್ಲಾಸಿನ ಮಕ್ಕಳನ್ನ ಕೇಳಿ."